ಅಳೋರು ಬೇಕಾಗ್ಯಾರ

"ಕೊಪ್ಪಳದಾಗ ಇಲ್ಲೀತನಕ ಸತ್ತವರ ಫೋಟೋ ತಗಿಸ್ಯಾರ. ಇದ್ದವರ ಫೋಟೋ ತಗಿಯೋ ಮೊದಲನೇ ಗಂಡಸು ನಾನಽ!" ಅಂತ ಉಮಾಪತಿ ಸಿಕಂದರಾಬಾದಿನಿಂದ ಬಂದ ದಿನಾನಽ ತನ್ನ ಜವಳಿ ಅಂಗಡಿ ಕಟ್ಟಿ ಮ್ಯಾಲೆ ನಿಂತು ಸಾರಿಬಿಟ್ಟ. ಅರಿಬಿ ತರಾಕ ಹೋದಾವ ಗಂಟಿನ ಜೋಡಿ ಒಂದು ಕರೀ ಡಬ್ಬಿ ಹೊತ್ಕೊಂಡು ಬಂದಿದ್ದ. ಡಬ್ಬಿಗೆ ಮುಂದ ಒಂದು ಕಣ್ಣು, ಮ್ಯಾಲೆ ಒಂದು ಕಿಂಡಿ, ಬಾಜೂಕ ಒಂದು ಕೀಲಿ. ಇಷ್ಟಕ್ಕಽ ಮನಷ್ಯಾಗ ಇಂದ್ರ ಪದವಿ ಸಿಕ್ಕಂಗ ಆಗಿತ್ತು.

ಅವ ಹೇಳಿದ್ದರಾಗ ಸುಳ್ಳೇನೂ ಇದ್ದಿಲ್ಲ ಬಿಡ್ರಿ. ಆಗ ನಿಜಾಮನ ಸರಕಾರ. ನಮ್ಮ ಸೀಮಿಯೊಳಗ ಫೋಟೋ ಅಂದ್ರ ಹೆಣದ್ದು. ಉಳ್ಳವರ ಮನ್ಯಾಗ ಹಿರೇರು ಯಾರರ ಲಿಂಗೈಕ್ಯ ಆದ್ರ, ಅವರಿಗೆ ಜಳಕಾ ಮಾಡಿಸಿ, ಗ್ವಾಡಿಗೆ ಆನಿಸಿ ಕುಂದ್ರಿಸಿ, ಹಣಿ ತುಂಬ ವಿಭೂತಿ ಬಡದು, ಕೊಳ್ಳಾಗ ಮಾಲಿ ಹಾಕಿ, ಹೊಸಪೇಟಿಯಿಂದ ಫೋಟೋದಾವನ್ನ ಕರಸ್ತಿದ್ರು. ಬದುಕಿದ್ದಾಗ ಒಂದು ಗಳಿಗಿ ಸುಮ್ಮನ ಕುಂದ್ರದ ಯಜಮಾನ ಅವತ್ತು ಪಾಡಾಗಿ ಕುಂದ್ರತಿದ್ದ, ಫೋಟೋನೂ ಪಾಡಾಗಿ ಬರತಿತ್ತು. ಉಮಾಪತಿ ಮನಿ ಪಡಸಾಲಿಯೊಳಗ ಅವರಪ್ಪನ್ನೂ ಹಿಂಗಽ ತೂಗ ಹಾಕಿದ್ರು. ಆ ಮುಚ್ಚಿದ ಕಣ್ಣು ನೋಡಿದಾಗೊಮ್ಮೆ ಉಮಾಪತಿ ಭಾಷಣ ಸುರು ಮಾಡತಿದ್ದ.

"ಜನಮ ಪೂರ್ತಿ ವ್ಯಾಪಾರ ಮಾಡಿದ ಮನಷ್ಯಾ. ನಕ್ಕಿದ್ದು ಒಂದು ಫೋಟೋ ಇಲ್ಲ, ಉಂಡಿದ್ದು ಒಂದಿಲ್ಲ. ನಾ ಹಂಗ ಮಾಡಾಂವಲ್ಲ. ನನ್ನ ಮನ್ಯಾಗ ರೊಟ್ಟಿ ಬಡಿಯೂದು, ತಲಿ ಹಿಕ್ಕೊಳ್ಳೂದು, ಎರಕೊಳ್ಳೂದು, ಎಲ್ಲಾ ಫೋಟೋ ಆಗಬೇಕು. ನನ್ನ ಮಗಳು ಹೆಂಗ ಬೆಳದ್ಲು ಅಂತ ಮುಂದ ಆಕಿ ಮೊಮ್ಮಕ್ಕಳು ನೋಡಬೇಕು."

"ಎರಕೊಳ್ಳೂದು ತಗದ್ರ ನಿಮ್ಮ ಡಬ್ಬಿ ಹಂಡೇದಾಗ ಇರತೈತಿ," ಅಂದ್ಲು ಹೆಂಡತಿ ಕಳಕಮ್ಮ, ಹಿಟ್ಟು ನಾದಕೋಂತಽ.

ಮಗಳ ಹೆಸರು ಶೇಖರಮ್ಮ. ಮನ್ಯಾಗ ಶೇಕವ್ವ ಅಂತಿದ್ರು. ಎಂಟು ವರ್ಷದ್ದು. ಆಕೀಗಿಂತ ಮೊದಲ ಹುಟ್ಟಿದ ಎರಡು ಕೂಸು ತೊಟ್ಟಲದಾಗಽ ಕಣ್ಣು ಮುಚ್ಚಿದ್ದುವು. ಆ ಎರಡೂ ಕೂಸಿನ ಕಸುವು ಸೇರಿಸಿ ಶಿವಾ ಈಕಿಗೆ ಕೊಟ್ಟಿದ್ದ ಅಂತ ಕಾಣತೈತಿ. ಬಾಜೂ ಮನಿ ಎಮ್ಮಿ ಕರಾ ಹತ್ತತಿದ್ಲು. ಮಠದ ಹುಣಸಿಕಾಯಿ ಬಡಿಯೂದು ಆಕೀದಽ ಕಾರಭಾರ. ಓಣಿ ಗಂಡುಹುಡುಗರು ಆಕಿ ಬಂದ್ಲಂದ್ರ ಗೋಟಿ ಎತ್ತಿಟ್ಕೊಂಡು ಮನಿ ಸೇರತಿದ್ರು. ಉಮಾಪತಿಗೆ ಇದೆಲ್ಲಾ ಭಾಳ ಹೆಮ್ಮಿ. "ನನ್ನ ಮಗಳು ಗಂಡುಮಗಾ ಇದ್ದಂಗ," ಅಂತ ಬಂದವರ ಮುಂದೆಲ್ಲಾ ಅಂತಿದ್ದ. ಆ "ಇದ್ದಂಗ" ಅನ್ನೂ ಮಾತಿನ್ಯಾಗ ಏನೈತಿ ಅಂತ ಅವನೂ ಯೋಚನಿ ಮಾಡಿರಲಿಲ್ಲ, ಕೇಳಿದವರೂ ಮಾಡಿರಲಿಲ್ಲ.

ಆದ್ರ ಈ ಗಂಡುಮಗಾ ಇದ್ದಂತಾಕಿ ಡಬ್ಬಿ ಮುಂದ ಒಂದು ಕ್ಷಣ ನಿಂದ್ರವಲ್ಲಳು.

"ಒಂದು ಗಳಿಗಿ ಅಲ್ಲಾಡಬ್ಯಾಡಽ ನನ್ನವ್ವಾ."

"ಯಾಕ?"

"ಅಲ್ಲಾಡಿದ್ರ ನೀ ಬರಂಗಿಲ್ಲ."

"ನಾ ಇಲ್ಲೇ ಅದೀನಲ್ಲಪ್ಪಾ. ಮತ್ತ ಎಲ್ಲಿಂದ ಬರಬೇಕು?" ಅನ್ನೂದ್ರಾಗ ಆಕಿ ಹಿತ್ತಲ ಸೇರಿರತಿದ್ಲು.

ಹೊಸಪೇಟಿಯೊಳಗ ಕಾಸೀಮಸಾಬ ಅಂತ ಒಬ್ಬವ ರೀಲು ತೊಳದು ಫೋಟೋ ಮಾಡಿ ಕೊಡತಿದ್ದ. ಅವ ಕೊಟ್ಟ ಫೋಟೋ ಏನು ಕೇಳ್ತೀರಿ! ಎಣ್ಣಿ ಹಚ್ಚಿಸ್ಕೊಳ್ಳೂ ಫೋಟೋದಾಗ ಕಳಕಮ್ಮ ಅದಾಳ, ಎಣ್ಣಿ ಬಟ್ಟಲ ಐತಿ, ನಡಕ ಒಂದು ಬಿಳೀ ಹೊಗಿ. ಆ ಹೊಗೀನಽ ಶೇಕವ್ವ. ಊಟದ ಫೋಟೋದಾಗ ಅಜ್ಜಿ ವಿರೂಪಾಕ್ಷಮ್ಮ ಅದಾಳ, ಗಂಗಾಳ ಐತಿ, ಬಾಜೂಕ ಮತ್ತದಽ ಹೊಗಿ. "ಸಾವಕಾರ್ರಽ, ಮಗಳು ಮಗಳು ಅಂತೀರಿ. ನನಗಂತೂ ಬರೀ ಮೋಡ ಕಾಣಾಕ ಹತ್ತ್ಯಾವು," ಅಂತ ಕಾಸೀಮಸಾಬ ನಗತಿದ್ದ. ಉಮಾಪತಿ ಮಾರಿ ಕಿವಿಚಿಕೊಂಡು ಊರಿಗೆ ಬರತಿದ್ದ.

ಹಿಂಗಿರಬೇಕಾದ್ರ ಅವನ ತಲಿಯೊಳಗ ಒಂದು ಘನಂದಾರಿ ಯೋಚನಿ ಹೊಳೀತು. ನೆಲದ ಮ್ಯಾಲೆ ಇದ್ರ ಓಡತಾಳ. ಗಿಡದ ಮ್ಯಾಲೆ ಕುಂದ್ರಿಸಿದ್ರ? ಬೀಳ್ತೀನಂತ ಅಂಜಿಯರ ಗಟ್ಟಿ ಹಿಡಕೊಂಡು ಕುಂದ್ರತಾಳ! ಹಿತ್ತಲದಾಗ ಒಂದು ಬೇವಿನ ಗಿಡ ಇತ್ತು. "ಹತ್ತವ್ವಾ ತಂಗಿ," ಅಂದ. ದಿನಾ ಹತ್ತಬ್ಯಾಡ ಅಂತ ಬಡಸ್ಕೊಳ್ಳೂ ಹುಡುಗಿಗೆ ಹೆತ್ತಪ್ಪನಽ ಹತ್ತು ಅಂದ್ರ ಕೇಳಬೇಕೇನು? ಕಣ್ಣು ಮುಚ್ಚಿ ತಗಿಯೂದ್ರಾಗ ತುದಿಗೆ ಹೋಗಿ ಕುಂತ್ಲು. ಅಲ್ಲೆ ಕಾಗಿ ಗೂಡಿತ್ತು, ಗೂಡಿನ್ಯಾಗ ಮರಿ ಇದ್ದುವು. ಶೇಕವ್ವ ಬಗ್ಗಿ ನೋಡೂದಕ್ಕೂ, ಉಮಾಪತಿ ಕೀಲಿ ಒತ್ತೂದಕ್ಕೂ, ತಾಯಿ ಕಾಗಿ ಬಂದು ಆಕಿ ನೆತ್ತಿಗೆ ಕುಕ್ಕೂದಕ್ಕೂ ಸರೀ ಹೋತು.

ಹುಡುಗಿ ನಕ್ಕೋಂತ ಇಳದು ಬಂದ್ಲು. "ಅಪ್ಪಾ, ಕಾಗಿ ನನ್ನ ತಲಿ ಕುಕ್ಕಿತು. ಅದರ ಬಂತೇನು ಫೋಟೋದಾಗ?"

ಅಲ್ಲೇ ಹಪ್ಪಳ ಒಣಗ ಹಾಕಾಕ ಹತ್ತಿದ್ದ ವಿರೂಪಾಕ್ಷಮ್ಮ ಹಪ್ಪಳದ ಮ್ಯಾಲೇ ಕುಂತುಬಿಟ್ಲು.

"ಕಾಗಿ ನೆತ್ತಿಗೆ ಬಡೀತು. ಉಮಾಪತಿ, ನಿನ್ನ ಮನಿ ಹಾಳಾತೋ."

ಕಾಗಿ ತಲಿಗೆ ಬಡದ್ರ ಸಾವು ಬೆನ್ನು ಹತ್ತಿತು ಅಂತ ನಮ್ಮ ಕಡೆ ನಂಬಿಗಿ. ಅದಕ್ಕ ಪರಿಹಾರನೂ ಐತಿ. ಬಡಿಸ್ಕೊಂಡವರು ಸತ್ತಾರ ಅಂತ ಹತ್ತಿರದ ಬಳಗಕ್ಕ ಸುಳ್ಳು ಸುದ್ದಿ ಕಳಸೂದು. ಬಳಗದವರು ಖರೆ ಅಂತ ನಂಬಿ ಅಳಬೇಕು. ಕಣ್ಣೀರು ನೆಲಕ್ಕ ಬಿತ್ತಂದ್ರ ಯಮಗ ಅವನ ಪಾಲು ಮುಟ್ಟಿದಂಗ. ಆ ಕೂಡಲೆ ಅತ್ತವರ ಬಾಯಾಗ ಸಕ್ರಿ ಹಾಕಿ, "ಸುಳ್ಳು, ಅದಾಳ," ಅಂತ ಹೇಳಬೇಕು. ಅಳೂಕಿಂತ ಮೊದಲ ಹೇಳಿದ್ರ ಮಾತ್ರ ಎಲ್ಲಾ ಕೆಟ್ಟು ಹೋಗತೈತಿ.

"ಅವ್ವಾ, ಊರಿಗೆ ರೈಲು ಬಂದೈತಿ, ತಾರು ಬಂದೈತಿ. ನೀ ಇನ್ನೂ ಕಾಗೀ ಮಾತು ಕೇಳ್ತಿಯಲ್ಲ," ಅಂತ ಉಮಾಪತಿ ನಕ್ಕ. ಆದ್ರ ಕಳಕಮ್ಮ ನಗಲಿಲ್ಲ. ಯಾವತ್ತೂ ಮಾತಿಗೆ ಮಾತು ಕೊಡಾಕಿ, ಅವತ್ತು ಮಗಳನ್ನ ಎಳಕೊಂಡು ನೆತ್ತಿ ಸವರಿ ನೋಡಿದ್ಲು. ಒಂದು ಹನಿ ರಕ್ತ ಬೆರಳಿಗೆ ಹತ್ತಿತು.

"ನನ್ನ ಎರಡು ಕೂಸಿಗೆ ಯಾವ ಕಾಗೀನೂ ಬಡದಿದ್ದಿಲ್ಲ. ಆದ್ರೂ ಹೋದುವು. ಈಕಿಗೆ ಬಡದೈತಿ. ಡಬ್ಬಿ ಸಲುವಾಗಿ ಗಿಡಾ ಹತ್ತಿಸಿದವರು ನೀವು. ಅಳೋರನ್ನೂ ನೀವಽ ಹುಡಕ್ರಿ," ಅಂದ್ಲು. ಉಮಾಪತಿ ನಗೂ ಅಲ್ಲೇ ನಿಂತಿತು.

ಅಳೋರು ಯಾರು? ತಳಕಲ್ಲಿನ್ಯಾಗ ಕಳಕಮ್ಮನ ತವರುಮನಿ. ಆಕಿ ಅವ್ವ ಮೊಮ್ಮಗಳ ಹೆಸರು ಕೇಳಿದ್ರ ಸಾಕು, ಊರು ಕೂಡೂವಂಗ ಅಳತಿದ್ಲು. ಆದ್ರ ಮುದುಕಿಗೆ ಎದಿಬ್ಯಾನಿ. ಸುಳ್ಳು ಸಾವು ಹೇಳಾಕ ಹೋಗಿ ಖರೇ ಸಾವು ತರೂದು ಬ್ಯಾಡ ಅಂತ ಅದನ್ನ ಬಿಟ್ರು. ಉಳದಾಕಿ ಅಂದ್ರ ಕುಷ್ಟಗಿ ಕೊಟ್ರಮ್ಮ, ಉಮಾಪತಿ ಒಡಹುಟ್ಟಿದ ಅಕ್ಕ. "ಸ್ವಾದರತ್ತಿ ಅಳದ ಮತ್ಯಾರು ಅಳ್ತಾರ?" ಅಂತ ವಿರೂಪಾಕ್ಷಮ್ಮನಽ ತೀರ್ಪು ಕೊಟ್ಲು.

ಮನಿ ಆಳು ಹುಲಿಗೆಪ್ಪಗ ಎಲ್ಲಾ ತಿಳಿಸಿ ಹೇಳಿ, ನಡಕ್ಕ ಒಂದು ಸಕ್ರಿ ಗಂಟು ಕಟ್ಟಿ, ಕುಷ್ಟಗಿ ಮೋಟಾರು ಹತ್ತಿಸಿದ್ರು. "ಮೊದಲ ಕಣ್ಣೀರು, ಆಮ್ಯಾಲೆ ಸಕ್ರಿ. ಹಿಂದ ಮುಂದ ಆಗಬಾರದು ನೋಡು." "ಹೂನ್ರಿ," ಅಂದು ಹೋದ. ಮರುದಿನ ಜೋತುಬಿದ್ದ ಮಾರಿ ಹೊತ್ಕೊಂಡು ಬಂದ. ಸಕ್ರಿ ಗಂಟು ಬಿಚ್ಚಿರಲಿಲ್ಲ.

"ಅತ್ಲೇನೋ ಅಕ್ಕ?"

"ಶಾವಿಗಿ ಹೊಸಿಯಾಕ ಕುಂತಿದ್ರುರಿ. ಹಿಂಗಾತ್ರಿ ಅವ್ವಾರ, ಶೇಕವ್ವ ಹೋಗಿಬಿಟ್ಳು ಅಂದೆ. ಅಂದು, ಗಂಟಿಗೆ ಕೈ ಹಾಕ್ಕೊಂಡಽ ಮಾರಿ ನೋಡಕೋಂತ ನಿಂತೆ. 'ಅಯ್ಯ ಪಾಪ' ಅಂದ್ರು. ಕೈ ಮಾತ್ರ ನಿಲ್ಲಲಿಲ್ಲರಿ."

"ಆಮ್ಯಾಲೆ?"

"'ಹೆಣ್ಣು ಹೌದಲ್ಲೋ?' ಅಂದ್ರು. ಹೌದ್ರಿ ಅಂದೆ. 'ಶಿವಾ ತಮ್ಮನ ಭಾರ ಹಗುರ ಮಾಡಿದ. ನೀ ಉಂಡು ಹೋಗು' ಅಂದ್ರು. ಉಂಡೆ."

"ಉಂಡು ಬಂದಿ?"

"ಎಲ್ಲಿ ಬರೂದ್ರಿ? ಈಗ ಅತ್ತಾರು, ಆಗ ಅತ್ತಾರು ಅಂತ ಕಾದೆ. ಕಟ್ಟಿ ಮ್ಯಾಲೇ ಮಲಗಿ, ಒಳಗ ಯಾರರ ಬಿಕ್ಕತಾರೇನು ಅಂತ ಕಿವಿ ಕೊಟ್ಟೆ. ಗೊರಕಿ ಕೇಳಿಸ್ತ್ರಿ."

ಕಳಕಮ್ಮ ಸೆರಗು ಬಾಯಿಗೆ ಒತ್ಕೊಂಡು ಒಳಗ ಹೋದ್ಲು. ಉಮಾಪತಿ ಕಿವಿ ಕೆಂಪಗಾದುವು. ದೋಷ ಗೀಷ ಅವ ನಂಬತಿದ್ದಿಲ್ಲ. ಆದ್ರ ನನ್ನ ಮಗಳು ಸತ್ತಾಳಂದ್ರ ನನ್ನ ಒಡಹುಟ್ಟಿದಾಕಿ, ನನ್ನನ್ನ ಬಗಲಾಗ ಹೊತ್ಕೊಂಡು ತಿರಿಗಿದಾಕಿ, ಶಾವಿಗಿ ಹೊಸಿಯೂದು ಬಿಡಲಿಲ್ಲ ಅಂದ್ರ? ಅದು ಅವನ ಎದಿಯೊಳಗ ಮುಳ್ಳು ಮುರದಂಗ ಆತು. ಅವತ್ತಿನಿಂದ ಯಮನ ಮಾತು ಹಿಂದ ಬಿತ್ತು, ಅಕ್ಕನ್ನ ಅಳಿಸೂದು ಮುಂದ ಬಂತು.

"ಕಿವೀಲೆ ಕೇಳಿದ್ರ ಕಣ್ಣಾಗ ನೀರು ಬರಂಗಿಲ್ಲ. ಕಣ್ಣಿಗೇ ತೋರಸಬೇಕು," ಅಂದವನಽ ಡಬ್ಬಿ ಹೊರಗ ತಗದ.

ಮುಂಜಾನಿ ಬಿಸಿಲು ಅಂಗಳಕ್ಕ ಬಿದ್ದಾಗ ಶೇಕವ್ವನ್ನ ಗ್ವಾಡಿಗೆ ಆನಿಸಿ ಕುಂದ್ರಿಸಿದ್ರು. ವಿರೂಪಾಕ್ಷಮ್ಮ ತನ್ನ ಕೈಲೇ ವಿಭೂತಿ ಬಡದ್ಲು, ಚೆಂಡುಹೂವಿನ ಮಾಲಿ ಹಾಕಿದ್ಲು. ಕಳಕಮ್ಮ ಬಾಗಲದಾಗ ನಿಂತು ನೋಡಿದ್ಲು.

"ಇದ್ದ ಕೂಸಿಗೆ ಹೆಣದ ಶಿಂಗಾರ ಮಾಡ್ತೀರಲ್ಲ, ನಿಮ್ಮ ಕೈ ಹೆಂಗ ಬರತೈತಿ?"

"ಸುಳ್ಳು ಸಾವು ಕಂಡ್ರ ಖರೇ ಸಾವು ಅಂಜತೈತಿ. ನೀ ಒಳಗ ಹೋಗು," ಅಂದ್ಲು ಅತ್ತಿ. ಕಳಕಮ್ಮ ಒಳಗ ಹೋಗಿ ಅಡಗಿಮನಿ ಬಾಗಲಾ ಹಾಕ್ಕೊಂಡ್ಲು.

ಶೇಕವ್ವಗ ಮಾತ್ರ ಇದಕ್ಕಿಂತ ಛಲೋ ಆಟ ಇದ್ದಿಲ್ಲ. "ಅಪ್ಪಾ, ಸತ್ತವರು ಉಸರು ಹಿಡೀಬೇಕೇನು?"

"ಹಿಡಿ."

"ತಲಿ ತುರಿಸಿದ್ರ?"

"ಸತ್ತವರಿಗೆ ತುರಿಸೂದಿಲ್ಲವ್ವಾ."

ಹುಡುಗಿ ಕಣ್ಣು ಮುಚ್ಚಿ, ಕುತ್ತಿಗಿ ಒಂದು ಕಡೆ ವಾಲಿಸಿ ಕುಂತ್ಲು. ಕೈ ಅಲ್ಲಾಡಲಿಲ್ಲ, ರೆಪ್ಪಿ ಅಲ್ಲಾಡಲಿಲ್ಲ. ಅದನ್ನ ನೋಡಿ ಉಮಾಪತಿ ಎದಿ ಝಲ್ ಅಂದಿರಬೇಕು ಅಂತೀರೇನು? ಇಲ್ಲ ಬಿಡ್ರಿ. ಬೆಳಕು ಬರೋಬ್ಬರಿ ಬಿದ್ದೈತಿ, ಮಗಳು ಒಮ್ಮೆಯರ ಸುಮ್ಮನ ಕುಂತಾಳ ಅಂತ ಹಿಗ್ಗಿ ಹೀರಿಕಾಯಿ ಆದ. ಕೀಲಿ ಒತ್ತಿದ ಮ್ಯಾಲೆ, "ಶಾಭಾಸ್!" ಅಂತ ಅಂದ ಬ್ಯಾರೆ.

ಹೊಸಪೇಟಿಯೊಳಗ ಕಾಸೀಮಸಾಬ ರೀಲು ತಗೊಂಡು ಕತ್ತಲಕೋಣಿಗೆ ಹೋದ. ಭಾಳ ಹೊತ್ತು ಹೊರಗ ಬರಲಿಲ್ಲ. ಬಂದಾಗ ಕೈಯಾಗ ಹಸೀ ಫೋಟೋ ಇತ್ತು, ಕಣ್ಣು ಕೆಂಪಗಿದ್ದುವು.

"ಸಾವಕಾರ್ರಽ, ಇಷ್ಟು ದಿನ ಮೋಡ ಬರತಿದ್ದುವು. ಇವತ್ತು ಮಾರಿ ಬಂದೈತಿ. ಅಲ್ಲಾ, ಎಂಥಾ ಮಾರಿ ಇತ್ತು ನಿಮ್ಮ ಮಗಳದು," ಅಂದು ಬಾಗಲದಾಗಽ ಕುಂತು ಅತ್ತಬಿಟ್ಟ. ಒಳಗಿಂದ ಹೆಂಡತಿ ಅಮೀನಾಬೀ ಬಂದು ಫೋಟೋ ನೋಡಿದ್ಲು. ಆಕೀನೂ ಸೆರಗು ಕಣ್ಣಿಗೆ ಒತ್ಕೊಂಡ್ಲು.

ಆ ಹೊತ್ತಿನ್ಯಾಗ, "ಇಲ್ಲೋ ಮಾರಾಯಾ, ನನ್ನ ಮಗಳು ಗಟ್ಟಿಮುಟ್ಟಾಗಿ ಅದಾಳ," ಅಂತ ಹೇಳಿದ್ರ ಉಮಾಪತಿ ಗಂಟೇನು ಹೋಗತಿತ್ತು? ನಾಚಿಕಿ ಬಂತು, ಹೇಳಲಿಲ್ಲ. ಮ್ಯಾಲಾಗಿ ಅವಂಗ ಒಳಗೊಳಗ ಖುಷಿ. ಕಣ್ಣೀರು ಸಿಕ್ಕಿತಲ್ಲ! ರೈಲು ಇಳದವನಽ ಮನಿಗೆ ಓಡಿ ಬಂದು ಹೇಳಿದ.

ವಿರೂಪಾಕ್ಷಮ್ಮ ತಲಿ ಅಲ್ಲಾಡಿಸಿದ್ಲು. "ಅವರು ಅತ್ರ ಲೆಕ್ಕಕ್ಕ ಬರಂಗಿಲ್ಲೋ. ನಮ್ಮ ಮಂದಿ ಅಳಬೇಕು."

"ನಮ್ಮ ಮಂದಿ ಶಾವಿಗಿ ಹೊಸಿಯಾಕ ಹತ್ಯಾರವ್ವಾ," ಅಂದ ಉಮಾಪತಿ.

ಫೋಟೋ ಹೊತ್ಕೊಂಡು ಹುಲಿಗೆಪ್ಪ ಮತ್ತ ಕುಷ್ಟಗಿಗೆ ಹೋದ, ಮತ್ತ ಸಕ್ರಿ ಗಂಟು ವಾಪಸ್ ತಂದ. ಗಂಟಿಗೆ ಇರಬಿ ಹತ್ತಿದ್ದುವು.

"ಫೋಟೋ ನೋಡಿದ್ರೇನೋ?"

"ಬಿಸಿಲಿಗೆ ಹಿಡದು ನೋಡಿದ್ರುರಿ. 'ಛಲೋ ಬಂದೈತಿ. ಮೂಗು ಅವರವ್ವಂದಽ, ಮೊಂಡು' ಅಂದ್ರು. ಓಣಿ ಹೆಣ್ಣುಮಕ್ಕಳನ್ನ ಕರದು ತೋರಿಸಿದ್ರು, 'ನಮ್ಮ ತಮ್ಮನಽ ತಗದದ್ದು' ಅಂತ. ಆಮ್ಯಾಲೆ, 'ಉಮಾಪತಿಗೆ ಹೇಳು, ನಾನಽ ಬರ್ತೀನಿ, ಮುಂದಿಂದು ಮಾತಾಡೂದೈತಿ' ಅಂದ್ರು."

ವಿರೂಪಾಕ್ಷಮ್ಮನ ಮಾರಿ ಅರಳಿತು. "ಬರಲಿ. ಅಲ್ಲೆ ಅಳದಿದ್ರೇನಾತು, ಇಲ್ಲೆ ಅಳ್ತಾಳ. ತವರುಮನಿ ಹೊಸ್ತಿಲಾ ಎಂಥಾ ಕಲ್ಲನ್ನೂ ಅಳಸತೈತಿ."

ಕೊಟ್ರಮ್ಮ ಬರೂ ದಿನ ಶೇಕವ್ವನ್ನ ಅಟ್ಟದ ಮ್ಯಾಲೆ ಕುಂದ್ರಿಸಿದ್ರು. "ಅತ್ತಿ ಅಳೂತನಕ ಪಿಟಕ್ ಅನಬ್ಯಾಡ," ಅಂತ ಉಡಿ ತುಂಬ ಶೇಂಗಾ ಬೆಲ್ಲ ಕೊಟ್ರು. ಇರಲಿ ಅಂತ ಅಜ್ಜಿ ಆಕಿ ಹಣಿಗೆ ಇನ್ನೊಂದು ಸಲ ವಿಭೂತಿ ಬಡದ್ಲು. ಹುಲಿಗೆಪ್ಪ ಸಕ್ರಿ ಹಿಡಕೊಂಡು ಕಂಬದ ಮರೀಗೆ ನಿಂತ. ಎಲ್ಲಾರೂ ಸಜ್ಜಾಗಿ ಒಬ್ಬ ಹೆಣ್ಣುಮಗಳ ಕಣ್ಣೀರಿಗೆ ಕಾದು ಕುಂತ್ರು.

ಚಕ್ಕಡಿ ಬಂತು, ಕೊಟ್ರಮ್ಮ ಇಳದ್ಲು. ಹೊಸ್ತಿಲಾ ದಾಟಿದ್ಲು. ಅಳಲಿಲ್ಲ. "ಏನು ಧೂಳವ್ವಾ ಈ ದಾರಿ! ಬಿಸಿನೀರು ಕೊಡ್ರಿ ಕಾಲಿಗೆ," ಅಂದ್ಲು. ಕಾಲು ತೊಳಕೊಂಡು ಅವ್ವನ ಮುಂದ ಕುಂತ್ಲು. ಅಳಲಿಲ್ಲ. ವಿರೂಪಾಕ್ಷಮ್ಮ ತಾನಽ ದನಿ ತಗದು, "ಬಂದೇನಽ ಕೊಟ್ರವ್ವಾ, ನೋಡಿದೇನಽ ನಮ್ಮ ಪಾಡು," ಅಂತ ರಾಗ ಹಚ್ಚಿ ಹಾದಿ ತೋರಿಸಿದ್ಲು. "ಸುಮ್ಮನಿರು ಯವ್ವಾ, ವಿಪರೀತ ಅತ್ರ ತಲಿಶೂಲಿ ಬರತೈತಿ," ಅಂದ್ಲು ಮಗಳು. ಊಟಕ್ಕ ಕುಂದ್ರಿಸಿದ್ರು. ಗಂಗಾಳದ ಬಾಜೂಕ ಒಂದು ರಾಶಿ ಉಳ್ಳಾಗಡ್ಡಿ ಹೆಚ್ಚಿ ಇಟ್ರು. ಹೆಚ್ಚಿದ ಕಳಕಮ್ಮನ ಕಣ್ಣು ಸೋರಾಕ ಹತ್ತಿದ್ದುವು. ಕೊಟ್ರಮ್ಮ ಎಡಗೈಲೆ ಅದನ್ನ ಅತ್ತ ಸರಿಸಿದ್ಲು. "ಉಳ್ಳಾಗಡ್ಡಿ ನನಗ ಒಗ್ಗೂದಿಲ್ಲ. ಇನ್ನೊಂದು ರೊಟ್ಟಿ ಹಾಕು."

ಎರಡನೇ ರೊಟ್ಟಿ ಮುರಕೋಂತ ಮಾತು ತಗದ್ಲು. "ಇಲ್ಲಿ ಕೇಳು ತಮ್ಮಾ. ಹೋದದ್ದು ಹೋತು. ಹೆಣ್ಣು. ಇದ್ರ ನಾಳೆ ಮತ್ತೊಬ್ಬರ ಮನಿ ತುಂಬಬೇಕಾಗಿತ್ತು. ಶಿವಾ ಇವತ್ತಽ ಬಿಡಿಸಿದ. ನಿನ್ನ ಅಂಗಡಿ ನೋಡಾಕ, ನಿನಗ ಮಣ್ಣು ಹಾಕಾಕ ಒಬ್ಬ ಗಂಡಸು ಮಗಾ ಬ್ಯಾಡೇನು? ನನ್ನ ನೆಗೆಣ್ಣಿ ಕಡೆ ಒಂದು ಹುಡುಗಿ ಯಲಬುರ್ಗಿಯೊಳಗ ಅದಾಳ. ಆ ಮನಿತನದಾಗ ಹುಟ್ಟೂದಽ ಗಂಡು. ಹೆಣ್ಣು ಅನ್ನೂದಽ ಇಲ್ಲ."

ಹಂಗಾರ ಈ ಹುಡುಗಿ ಎಲ್ಲಿಂದ ಬಂದ್ಲು ಅಂತ ಯಾರೂ ಕೇಳಲಿಲ್ಲ.

"ಕಳಕಮ್ಮ ಇರಲಿ ಬಿಡು. ನಾ ಏನು ಹೊರಗ ಹಾಕು ಅಂತೀನೇನು? ಹಿರೇಕಿ ಆಗಿ ಇರಲಿ, ರೊಟ್ಟಿ ಬಡೀಲಿ."

ಅಡಗಿಮನ್ಯಾಗ ರೊಟ್ಟಿ ಬಡಿಯೂ ಸಪ್ಪಳ ನಿಂತಿತು.

ಇಲ್ಲೆ ಉಮಾಪತಿ ಒಂದು ಮಾತು ಹೇಳಬೇಕಾಗಿತ್ತು. ಭಾಳ ಸಣ್ಣ ಮಾತು. "ಬ್ಯಾಡ" ಅಂತ. ಅದೂ ಬ್ಯಾಡಂದ್ರ, "ನನ್ನ ಮಗಳು ಅಟ್ಟದ ಮ್ಯಾಲೆ ಶೇಂಗಾ ತಿನ್ನಾಕ ಹತ್ಯಾಳ" ಅಂತ ಅಂದಿದ್ರೂ ಆಗತಿತ್ತು. ಹೋಗಲಿ, ಬಾಯಿ ಮುಚ್ಚಿಕೊಂಡು ಕುಂತಿದ್ರೂ ಅವನ ಮರ್ಯಾದಿ ಉಳೀತಿತ್ತು. ಅವ ಬಾಯಿ ತಗದ. ಮೀಸಿ ಮ್ಯಾಲೆ ಒಮ್ಮೆ ಬೆರಳಾಡಿಸಿದ. "ಯಾರ ಪೈಕಿ?" ಅಂದ.

"ಹೌದು, ಯಾರ ಪೈಕಿಯವರು?" ಅಂತ ವಿರೂಪಾಕ್ಷಮ್ಮನೂ ಮುಂದ ಸರದು ಕುಂತ್ಲು. "ಹುಡುಗಿ ಕೆಂಪಗದಾಳೇನು?"

ನೋಡ್ರಿ, ಮನಷ್ಯಾನ ತಲಿ ಹೆಂಗಿರತೈತಿ! ಸುಳ್ಳು ಹುಟ್ಟಿಸಿದವರಽ ಆ ಸುಳ್ಳನ್ನ ನಂಬಿಬಿಟ್ಟಿದ್ರು. ತಾಯಿ ಮಗ ಇಬ್ಬರಿಗೂ ಮನ್ಯಾಗ ಒಂದು ಕೂಸು ಉಸರಾಡಾಕ ಹತ್ತೈತಿ ಅನ್ನೂದಽ ಮರತು ಹೋಗಿತ್ತು. ಕೊಟ್ರಮ್ಮ ಖುಷಿಯಿಂದ ಬೆರಳು ನೆಕ್ಕಿ, "ಯಾರ ಪೈಕಿ ಅಂದ್ರ..." ಅಂತ ಸುರು ಮಾಡೂದ್ರಾಗ ಅಟ್ಟದ ನಿಚ್ಚಣಿಕಿ ಕಿರ್ ಅಂತು.

ಶೇಕವ್ವ ಒಂದೊಂದಽ ಮೆಟ್ಟಲಾ ಇಳದು ಬಂದ್ಲು. ಯಾವತ್ತೂ ಜಿಗಿಯಾಕಿ ಅವತ್ತು ಸಾವಕಾಶ ಇಳದ್ಲು. ಹಣಿ ತುಂಬ ವಿಭೂತಿ, ತಲಿ ತುಂಬ ಅಟ್ಟದ ಧೂಳು, ಮಾರಿ ಮ್ಯಾಲೆ ಜ್ಯಾಡ. ನೆಟ್ಟಗ ಬಂದು ಗಂಗಾಳದ ಮುಂದ ನಿಂತ್ಲು.

"ಅತ್ತೀ," ಅಂದ್ಲು.

ಕೊಟ್ರಮ್ಮನ ಬಾಯಾಗಿನ ತುತ್ತು ಹೊರಗ ಬಿತ್ತು. "ಯಪ್ಪಾ ಶಿವನಽ!" ಅಂತ ಹಿಂದಕ್ಕ ಉರಳಿದ್ಲು. "ನಾ ಏನೂ ಅಂದಿಲ್ಲವ್ವಾ, ನನ್ನ ಬಿಡವ್ವಾ, ನನಗ ಮಕ್ಕಳು ಮರಿ ಅದಾವು," ಅಂತ ಎರಡೂ ಕೈ ಮುಗುದು ದಳದಳಾ ಅತ್ಲು. ಕಣ್ಣೀರು ಗಲ್ಲದ ಮ್ಯಾಲೆ ಹರದು ಟಪಟಪ ನೆಲಕ್ಕ ಬಿದ್ದುವು. ಕಂಬದ ಮರಿಯೊಳಗ ಇಷ್ಟೊತ್ತು ಇದಕ್ಕಽ ಕಾದಿದ್ದ ಹುಲಿಗೆಪ್ಪ ಒಂದಽ ಜಿಗತಕ್ಕ ಬಂದು, ಇರಬಿ ಸಮೇತ ಒಂದು ಹಿಡಿ ಸಕ್ರಿ ಆಕಿ ಬಾಯಾಗ ತುರುಕಿದ. "ಸುಳ್ಳ್ರೀ ಅವ್ವಾರ, ಅದಾಳ!"

ಮುಂದ ಅಲ್ಲಿ ನಡದದ್ದು ಹೇಳಬಾರದು. ಕೊಟ್ರಮ್ಮ ಸಕ್ರಿ ಉಗುಳಿದ್ಲು, ಇರಬಿ ಉಗುಳಿದ್ಲು, ಆಮ್ಯಾಲೆ ಒಂದೊಂದಽ ಬೈಗಳ ಉಗುಳಿದ್ಲು. ಆ ಗದ್ದಲದಾಗ ವಿರೂಪಾಕ್ಷಮ್ಮ ಬಗ್ಗಿ, ನೆಲದ ಹಸಿ ಮ್ಯಾಲೆ ಬೆರಳು ಇಟ್ಟು ನೋಡಿದ್ಲು.

"ಬಿದ್ದೈತಿ. ನೆಲಕ್ಕ ಬಿದ್ದೈತಿ. ದೋಷ ಹೋತು."

"ಅಂಜಿ ಅತ್ರ ನಡೀತೈತೇನವ್ವಾ?" ಅಂದ ಉಮಾಪತಿ, ಮಾತಿಗೆ ಏನರ ಬೇಕಲ್ಲ ಅಂತ.

"ಯಮ ಅದನ್ನೆಲ್ಲಾ ಕೇಳಂಗಿಲ್ಲ."

ಕೊಟ್ರಮ್ಮ ಚಕ್ಕಡಿ ಹತ್ತಿದ ಮ್ಯಾಲೂ ಸೋಲಲಿಲ್ಲ. ಸೆರಗು ಸರಿ ಮಾಡ್ಕೊಂಡು, "ನನ್ನ ಕೂಡ ಆಟಾ ಆಡಿದ್ರಿ, ಆಡ್ರಿ. ಆದ್ರ ತಮ್ಮಾ, ಹೆಣ್ಣು ಇದ್ರೂ ಅಷ್ಟಽ, ಹೋದ್ರೂ ಅಷ್ಟಽ. ಗಂಡಸು ಮಗಾ ಅಂತೂ ಇಲ್ಲಲ್ಲ ನಿನಗ. ಯಲಬುರ್ಗಿ ಮಾತು ಮನಸಿನ್ಯಾಗ ಇರಲಿ," ಅಂದು ಹೋದ್ಲು.

ಉಮಾಪತಿ ಒಳಗ ಬಂದ. ಕಳಕಮ್ಮ ಒಲಿ ಮುಂದ ಕುಂತಿದ್ಲು. ಕಣ್ಣಾಗ ಉಳ್ಳಾಗಡ್ಡಿ ನೀರು ಯಾವಾಗಽ ಒಣಗಿತ್ತು.

"ಅಕ್ಕಾರು ಇನ್ನೂ ಓಣಿ ದಾಟಿಲ್ಲ. ಓಡಿ ಹೋಗಿ ಕೇಳಿ ಬರ್ರಿ."

"ಏನು ಕೇಳೂದು?"

"ಯಾರ ಪೈಕಿ ಅಂತ. ಅವರು ಹೇಳೂದ್ರಾಗಽ ಕೂಸು ಇಳದು ಬಂತು."

"ಬಾಯಿ ತಪ್ಪಿ ಬಂತು ಕಳಕವ್ವಾ. ನಿನ್ನಾಣಿ."

"ಒಳಗ ಇದ್ದದ್ದಽ ಬಾಯಾಗ ಬರತೈತ್ರಿ. ಅವರ ಕಣ್ಣಾಗ ನೀರು ಬರಲಿಲ್ಲ ಅಂತ ಎಷ್ಟು ಸಿಟ್ಟು ಮಾಡಿದ್ರಿ. ನೀವರ ಎಲ್ಲಿ ಅತ್ರಿ?" ಅಂದು ಕಳಕಮ್ಮ ತಣ್ಣಗಾದ ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿದ್ಲು. ಉಮಾಪತಿ ಶೇಕವ್ವನ್ನ ಕರದು ತೊಡಿ ಮ್ಯಾಲೆ ಕುಂದ್ರಿಸ್ಕೊಳ್ಳಾಕ ಹೋದ. ಆಕಿ ಉಡಿಯೊಳಗಿನ ಶೇಂಗಾ ಎಲ್ಲಾ ಅವನ ಕೈಯಾಗ ಸುರುವಿ, ಅಜ್ಜಿ ಹಾಸಿಗಿಗೆ ಹೋಗಿ ಮಲಗಿದ್ಲು. ಒಂದು ಕಾಳೂ ತಿಂದಿರಲಿಲ್ಲ.

ಮರುದಿನ ಮುಂಜಾನಿ ಅವ್ವ ಮಗಳು ಬಾಗಲದಾಗ ಕುಂತಿದ್ರು. ಕಳಕಮ್ಮ ಶೇಕವ್ವಗ ಜಡಿ ಹಾಕಾಕ ಹತ್ತಿದ್ಲು. ಎಳೀ ಬಿಸಿಲು ಇಬ್ಬರ ಮ್ಯಾಲೂ ಬಿದ್ದಿತ್ತು. ಉಮಾಪತಿಗೆ ಮಾಡಿದ್ದನ್ನ ಮುಚ್ಚಾಕ ಇದಽ ಹೊತ್ತು ಅನಿಸ್ತು. ಡಬ್ಬಿ ತಂದ.

"ಇಬ್ಬರೂ ಹಂಗಽ ಇರ್ರಿ. ಭಾಳ ಛಂದ ಕಾಣಾಕ ಹತ್ತೀರಿ."

ಕಳಕಮ್ಮ ಜಡಿ ತುದಿಗೆ ಗಂಟು ಹಾಕಿ, ಎದ್ದು ಒಳಗ ಹೋದ್ಲು. ಶೇಕವ್ವ ಒಬ್ಬಾಕಿನಽ ಉಳದ್ಲು.

"ನೀನರ ಕುಂದ್ರವ್ವಾ ತಂಗಿ. ಹೊಸಾ ರೀಲಿನ್ಯಾಗೂ ಒಂದಽ ಫೋಟೋ ಉಳದೈತಿ."

"ಒಂದಽ ಉಳದೈತೇನು?"

"ಹೂಂ. ಒಂದಽ."

ಶೇಕವ್ವ ಜಡಿ ಮುಂದ ಹಾಕ್ಕೊಂಡು ಎದ್ದು ನಿಂತ್ಲು. ಆಕಿ ದನಿಯೊಳಗ ಸಿಟ್ಟೂ ಇದ್ದಿಲ್ಲ, ಅಳೂನೂ ಇದ್ದಿಲ್ಲ.

"ಹಂಗಾರ ನನಗ ಬ್ಯಾಡಪ್ಪಾ, ತಮ್ಮಗ ಇಡು. ಯಲಬುರ್ಗಿ ಅವ್ವ ಹಡೀತಾಳಲ್ಲ, ಅವಗ."